ಮೀನುದೀಪಗಳ ಊರಿಗೆ: ಚೀನಾದ ಹುಯಿಝೌ ಹಳ್ಳಿಗಳ ದೀಪದ ಮೆರವಣಿಗೆ ನೋಡಲು ಹೊರಡುವವರಿಗೆ

ಚೀನಾದ ಚಾಂದ್ರಮಾನ ವರ್ಷದ ಮೊದಲ ತಿಂಗಳ 15ನೆಯ ದಿನ, ಅಂದರೆ ಹೊಸ ವರ್ಷದ ಮೊದಲ ಹುಣ್ಣಿಮೆಯ ಸುಮಾರಿಗೆ, ಗೂಡುದೀಪಗಳನ್ನು ಬೆಳಗುವ ಯುವಾನ್‌ಶಿಯಾವೊ ಹಬ್ಬ ಬರುತ್ತದೆ. ಟಾಂಗ್ ಅರಸರ ಕಾಲದಲ್ಲಿ ರಾತ್ರಿ ಸಂಚಾರಕ್ಕೆ ಕಟ್ಟುನಿಟ್ಟಿನ ನಿಷೇಧವಿದ್ದ ರಾಜಧಾನಿಯಲ್ಲಿಯೂ ಈ ಹಬ್ಬಕ್ಕೆಂದು ಮೂರು ರಾತ್ರಿ ನಿಷೇಧವನ್ನು ಸಡಿಲಿಸಲಾಗುತ್ತಿತ್ತು. ಮುಂದೆ ಸಾಂಗ್ ಅರಸರು ಅದನ್ನು ಐದು ರಾತ್ರಿಗಳಿಗೆ ವಿಸ್ತರಿಸಿದರು. ಜನರು ಮನೆಯಿಂದ ಹೊರಬಂದು ಬೀದಿಯನ್ನು ತಮ್ಮದಾಗಿಸಿಕೊಳ್ಳುವುದೇ ಈ ಹಬ್ಬದ ಜೀವಾಳ. ಇಂದಿನ ಪ್ರವಾಸಿಯೂ ಅದನ್ನೇ ಹುಡುಕಿಕೊಂಡು ಹೋಗುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಈ ಬರಹದಲ್ಲಿ ಟಿಕೆಟ್ ಕೊಟ್ಟು ನೋಡುವ ದೀಪಪ್ರದರ್ಶನಗಳಿಗಿಂತ ಹೆಚ್ಚಾಗಿ, ಆನ್‌ಹುಯಿ ಪ್ರಾಂತ್ಯದ ಹುಯಿಝೌ ಸೀಮೆಯ ಹಳ್ಳಿಗಳಲ್ಲಿ ಊರವರೇ ಕಟ್ಟಿ, ಊರವರೇ ಹೊತ್ತು ಮೆರೆಸುವ ಮೀನುದೀಪಗಳನ್ನು ನೋಡಲು ಹೇಗೆ ಸಿದ್ಧವಾಗಬೇಕೆಂಬುದನ್ನು ವಿವರಿಸಿದ್ದೇನೆ.

ಎಲ್ಲಿಗೆ ಹೋಗಬೇಕೆಂಬುದನ್ನು ಮೊದಲು ನಿರ್ಧರಿಸಿ

ರಜೆಯ ದಿನಗಳನ್ನು ಹಿಂದೆಮುಂದೆ ಮಾಡಿಕೊಳ್ಳಲಾಗದವರಿಗೆ ಸಿಚುವಾನ್ ಪ್ರಾಂತ್ಯದ ಝಿಗೊಂಗ್ ನಗರವೇ ಅನುಕೂಲ. ಹಳೆಯ ಕಾಲದಿಂದ ಉಪ್ಪಿನ ಬಾವಿಗಳಿಗೆ ಹೆಸರಾದ ಈ ಊರಿನಲ್ಲಿ 1964ರಿಂದ ಆಧುನಿಕ ರೂಪದ ದೀಪಮೇಳ ನಡೆಯುತ್ತಿದೆ. ಅದು ವಾರಗಟ್ಟಲೆ ತೆರೆದಿರುವುದರಿಂದ ಒಂದು ದಿನ ತಪ್ಪಿದರೂ ನಷ್ಟವಿಲ್ಲ. ನಾನ್‌ಜಿಂಗ್ ನಗರದ ಚಿನ್‌ಹುವಾಯ್ ನದಿಯ ದಂಡೆಯಲ್ಲಿ, ಕನ್‌ಫ್ಯೂಷಿಯಸ್ ಮಂದಿರದ ಸುತ್ತ ನಡೆಯುವ ಮೇಳ ಇನ್ನೊಂದು ಬಗೆಯದು. ಅಲ್ಲಿ ಕಮಲ, ಮೊಲ ಮುಂತಾದ ಆಕಾರದ ಕೈದೀಪಗಳನ್ನು ಕುಶಲಕರ್ಮಿಗಳಿಂದಲೇ ಕೊಳ್ಳಬಹುದು. ಆದರೆ ಹಬ್ಬದ ರಾತ್ರಿ ಅಲ್ಲಿ ಸೇರುವ ಜನಸಂದಣಿ ಅಸಾಧಾರಣವಾದದ್ದು. ದೀಪಗಳಿಗಿಂತ ಮುಂದಿನವರ ಬೆನ್ನೇ ಹೆಚ್ಚು ಕಾಣುವ ಸಾಧ್ಯತೆಯಿರುವುದರಿಂದ, ಹಬ್ಬದ ದಿನವನ್ನು ಬಿಟ್ಟು ವಾರದ ನಡುವಿನ ಸಂಜೆಯಲ್ಲಿ ಹೋಗುವುದು ಲೇಸು.

ಹಳ್ಳಿಯ ಪದ್ಧತಿಯನ್ನೇ ನೋಡಬೇಕೆಂದಿರುವವರಿಗೆ ಝೆಜಿಯಾಂಗ್ ಪ್ರಾಂತ್ಯದ ಪುಜಿಯಾಂಗ್ ಸೀಮೆಯ ಹಲಗೆ ಡ್ರ್ಯಾಗನ್ ಒಂದು ಉತ್ತಮ ಆಯ್ಕೆ. ಅಲ್ಲಿ ಮನೆಗೊಂದರಂತೆ ಹಲಗೆಯನ್ನು ತಂದು, ಅದರ ಮೇಲೆ ದೀಪಗಳನ್ನು ನಿಲ್ಲಿಸಿ, ಒಂದರ ತುದಿಯನ್ನು ಇನ್ನೊಂದರ ತುದಿಗೆ ಮರದ ಗೂಟದಿಂದ ಜೋಡಿಸುತ್ತ ಹೋಗುತ್ತಾರೆ. ಊರು ದೊಡ್ಡದಾದಷ್ಟೂ ಡ್ರ್ಯಾಗನ್ ಉದ್ದವಾಗುತ್ತದೆ. ಇದನ್ನು 2006ರಲ್ಲಿ ಚೀನಾದ ರಾಷ್ಟ್ರೀಯ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಲಾಯಿತು.

ನನ್ನ ಆಯ್ಕೆ ಹುಯಿಝೌ ಸೀಮೆಯ ಮೀನು. ಇಂದಿನ ಹುವಾಂಗ್‌ಶಾನ್ ನಗರಾಡಳಿತಕ್ಕೆ ಸೇರಿದ ಶೆಶಿಯಾನ್ ಕೌಂಟಿಯ ವಾಂಗ್‌ಮಾನ್‌ತಿಯೆನ್ ಮತ್ತು ಝಾನ್‌ಚಿ ಎಂಬ ಎರಡು ಹಳ್ಳಿಗಳು ಈ ಪದ್ಧತಿಗೆ ಹೆಸರಾಗಿವೆ. ಇಲ್ಲಿನ ಹಳೆಯ ಮನೆಗಳಿಗೆ ಹೊರಗೆ ಸುಣ್ಣ ಬಳಿದ ಎತ್ತರದ ಗೋಡೆ, ಒಳಗೆ ಪೂರ್ತಿ ಮರದ ಕಟ್ಟು. ಒಂದು ಮನೆಗೆ ಬೆಂಕಿ ಬಿದ್ದರೆ ಓಣಿಯೇ ಉರಿದುಹೋಗುವ ಭಯವಿದ್ದುದರಿಂದಲೇ ಮನೆಮನೆಯ ನಡುವೆ ಮೆಟ್ಟಿಲುಮೆಟ್ಟಿಲಾಗಿ ಮೇಲೇರುವ ಬೆಂಕಿತಡೆ ಗೋಡೆಗಳು ಹುಟ್ಟಿಕೊಂಡವು. ಹುಯಿಝೌ ಹಳ್ಳಿಗಳ ಚಿತ್ರಗಳಲ್ಲಿ ಎಲ್ಲರ ಕಣ್ಣು ಸೆಳೆಯುವುದು ಈ ಗೋಡೆಗಳೇ. ಮೀನುದೀಪವೂ ಅದೇ ಭಯದಿಂದ ಹುಟ್ಟಿದ್ದೆಂದು ಊರವರ ಐತಿಹ್ಯ ಹೇಳುತ್ತದೆ: ನೀರಿನ ಜೀವಿಯಾದ ಮೀನು ಓಣಿಓಣಿ ಸುತ್ತಿದರೆ ಬೆಂಕಿಯ ಕಾಟ ಅಡಗುತ್ತದೆ ಎಂಬ ನಂಬಿಕೆ ಇದರ ಮೂಲ. ಬೆಂಕಿಯನ್ನು ಅಡಗಿಸಲು ಹೊರಟ ಆ ಕಾಗದದ ಮೀನಿನ ಹೊಟ್ಟೆಯಲ್ಲಿಯೇ ಮೇಣದಬತ್ತಿಗಳು ಉರಿಯುತ್ತಿರುತ್ತವೆ ಎಂಬ ವಿಚಿತ್ರವನ್ನು ಊರವರು ಯಾರೂ ವಿಚಿತ್ರವೆಂದು ಎಣಿಸಿದಂತಿಲ್ಲ.

ಎರಡು ಹಳ್ಳಿಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕೆಂಬ ಪ್ರಶ್ನೆಗೆ ಉತ್ತರ ನಿಮ್ಮ ವಾಹನದ ವ್ಯವಸ್ಥೆಯನ್ನು ಅವಲಂಬಿಸಿದೆ. ಝಾನ್‌ಚಿ ಶೆಶಿಯಾನ್ ಪಟ್ಟಣಕ್ಕೆ ಹತ್ತಿರವಿರುವುದರಿಂದ ರಾತ್ರಿ ಮರಳಿ ಬರುವುದು ಸುಲಭ. ವಾಂಗ್‌ಮಾನ್‌ತಿಯೆನ್ ಬೆಟ್ಟಗಳ ನಡುವೆ ಒಳಗಿದೆ. ಪಟ್ಟಣದಿಂದ ಅಲ್ಲಿಗೆ ತಲುಪಲು ತಿರುವುಗಳ ದಾರಿಯಲ್ಲಿ ಒಂದು ಗಂಟೆಗೂ ಹೆಚ್ಚು ಹಿಡಿಯಬಹುದು. ಊರಿನ ಓಣಿಗಳು ಕಿರಿದಾಗಿದ್ದು, ಮೀನು ಹಾಯುವಾಗ ಎರಡೂ ಬದಿಯ ಗೋಡೆಗಳಿಗೆ ಅದರ ಬೆಳಕು ಬಳಿದುಕೊಳ್ಳುತ್ತದೆ. ಎರಡರಲ್ಲಿ ಒಂದನ್ನೇ ನೋಡಲು ಸಾಧ್ಯವಿರುವವರು ಕಷ್ಟವಾದರೂ ಇದನ್ನೇ ಆರಿಸಿಕೊಳ್ಳಬೇಕೆಂದು ಹೇಳುತ್ತೇನೆ.

ದಿನ, ರೈಲು ಮತ್ತು ಕಾಗದಪತ್ರ

ಮೀನುದೀಪಗಳು ಸಾಮಾನ್ಯವಾಗಿ ಮೊದಲ ತಿಂಗಳ 13ರಿಂದ 16ನೆಯ ದಿನದವರೆಗೆ ಹೊರಡುತ್ತವೆ. 2027ರಲ್ಲಿ ಈ ದಿನಗಳು ಫೆಬ್ರುವರಿ 18ರಿಂದ 21ರವರೆಗೆ ಬರುತ್ತವೆ. 2028ರಲ್ಲಿ ಫೆಬ್ರುವರಿ 7ರಿಂದ 10ರವರೆಗೆ. ಯಾವ ಸಂಜೆ ಎಷ್ಟು ಹೊತ್ತಿಗೆ, ಯಾವ ದಾರಿಯಲ್ಲಿ ಎಂಬುದನ್ನು ಪ್ರತಿ ವರ್ಷವೂ ಊರಿನವರೇ ನಿರ್ಧರಿಸುವುದರಿಂದ, ಆ ಹಿಂದಿನ ವಾರದಲ್ಲಿ ನೀವು ತಂಗಲಿರುವ ಮನೆಯ ಒಡೆಯರನ್ನು ವಿಚಾರಿಸಿ ಖಚಿತಪಡಿಸಿಕೊಳ್ಳಬೇಕು. ವಿದೇಶಿ ಭಾಷೆಗಳಲ್ಲಿ ಇಂಥ ಮಾಹಿತಿ ಸಿಗುವುದು ಅಪರೂಪ. ಹಳ್ಳಿಯ ಹೆಸರನ್ನು ಚೀನೀ ಲಿಪಿಯಲ್ಲಿ ಬರೆಸಿಟ್ಟುಕೊಂಡು ವಿಚಾಟ್ ಅಥವಾ ಡೌಯಿನ್ ಎಂಬ ಚೀನೀ ಆ್ಯಪ್‌ಗಳಲ್ಲಿ ಹುಡುಕಿದರೆ ಹಿಂದಿನ ರಾತ್ರಿಯ ವೀಡಿಯೊಗಳಿಂದಲೇ ಎಷ್ಟೋ ಸಂಗತಿ ತಿಳಿಯುತ್ತದೆ.

ನಾಲ್ಕು ರಾತ್ರಿಗಳಲ್ಲಿ 15ನೆಯ ರಾತ್ರಿಯೇ ಶ್ರೇಷ್ಠವೆಂದು ಎಲ್ಲರೂ ಭಾವಿಸುವುದರಿಂದ ಅಂದು ನೂಕುನುಗ್ಗಲು ಹೆಚ್ಚು. 13ರಂದು ಅಥವಾ 14ರಂದು ಹೋದವರಿಗೆ ಅದೇ ಮೀನು ಸಮಾಧಾನವಾಗಿ ಕಾಣಸಿಗುತ್ತದೆ. ಇನ್ನೊಂದು ಕಾರಣವೂ ಇದೆ: ಮಳೆ. ಫೆಬ್ರುವರಿಯಲ್ಲಿ ಈ ಬೆಟ್ಟಗಳಲ್ಲಿ ಜಿಟಿಜಿಟಿ ಮಳೆ ಸಾಮಾನ್ಯ. ಕಾಗದ ನೆನೆದು ಅಂಟು ಬಿಡುವುದರಿಂದ ಮೆರವಣಿಗೆ ತಡವಾಗಬಹುದು ಅಥವಾ ಮೊಟಕಾಗಬಹುದು. ಕೈಯಲ್ಲಿ ಎರಡು ರಾತ್ರಿ ಇಟ್ಟುಕೊಂಡು ಹೋದವರಿಗೆ ಒಂದು ಕೈತಪ್ಪಿದರೂ ಇನ್ನೊಂದು ಉಳಿದಿರುತ್ತದೆ.

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಪ್ರವಾಸಿ ವೀಸಾ, ಅಂದರೆ ‘ಎಲ್’ ವರ್ಗದ ವೀಸಾ ಬೇಕು. ಕೆಲವು ದೇಶದವರಿಗಿರುವ 240 ಗಂಟೆಗಳ ವೀಸಾರಹಿತ ಸಾಗುವಿಕೆಯ ಸೌಲಭ್ಯದ ಪಟ್ಟಿಯಲ್ಲಿ ಭಾರತವಿಲ್ಲ. ಚೀನೀ ಹೊಸ ವರ್ಷದ ಸುಮಾರಿಗೆ ಆ ದೇಶದ ಕಚೇರಿಗಳಿಗೆ ರಜೆ ಇರುವುದರಿಂದ, ಅರ್ಜಿಯನ್ನು ಹಬ್ಬದ ವಾರಕ್ಕೆ ಉಳಿಸಿಕೊಳ್ಳದೆ ಬಹಳ ಮುಂಚೆಯೇ ಸಲ್ಲಿಸಬೇಕು.

ಶೆಶಿಯಾನ್ ತಲುಪಲು ರೈಲೇ ಒಳ್ಳೆಯ ದಾರಿ. ಹಾಂಗ್‌ಝೌ ನಗರದಿಂದ ಹುವಾಂಗ್‌ಶಾನ್‌ಗೆ ಅತಿವೇಗದ ರೈಲುಮಾರ್ಗ 2018ರ ಡಿಸೆಂಬರಿನಲ್ಲಿ ತೆರೆಯಿತು. ಹಾಂಗ್‌ಝೌ ಪೂರ್ವ ನಿಲ್ದಾಣದಿಂದ ಒಂದೂವರೆ, ಎರಡು ಗಂಟೆಯ ಪ್ರಯಾಣ. ಶಾಂಘೈನಿಂದಲೂ ನೇರ ರೈಲುಗಳಿವೆ. ಶೆಶಿಯಾನ್ ಉತ್ತರ ನಿಲ್ದಾಣದಲ್ಲಿ ನಿಲ್ಲುವ ರೈಲು ಸಿಕ್ಕರೆ ಅದನ್ನೇ ಹಿಡಿಯಿರಿ. ಸಿಗದಿದ್ದರೆ ಮುಂದಿನ ದೊಡ್ಡ ನಿಲ್ದಾಣವಾದ ಹುವಾಂಗ್‌ಶಾನ್ ಉತ್ತರದಲ್ಲಿ ಇಳಿದು ಹಿಂದಕ್ಕೆ ಬರಬಹುದು. ಇಲ್ಲೊಂದು ಎಚ್ಚರಿಕೆ ಅಗತ್ಯ. ಗುವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ಹುಯಿಝೌ ಎಂಬ ಬೇರೊಂದು ದೊಡ್ಡ ನಗರವಿದೆ, ರೋಮನ್ ಲಿಪಿಯಲ್ಲಿ ಎರಡರ ಬರಹವೂ ಒಂದೇ. ಟಿಕೆಟ್ ಕಾಯ್ದಿರಿಸುವ ಆ್ಯಪ್‌ನಲ್ಲಿ ಸೀಮೆಯ ಹೆಸರನ್ನು ಹುಡುಕಿದರೆ ದಕ್ಷಿಣದ ಆ ನಗರವೇ ಮೊದಲು ಕಾಣಿಸಬಹುದಾದ್ದರಿಂದ, ನಿಲ್ದಾಣದ ಹೆಸರನ್ನೇ ನಮೂದಿಸಬೇಕು. ಹಾಗೆಯೇ ಹುವಾಂಗ್‌ಶಾನ್ ಎಂಬುದು ನಗರದ ಹೆಸರೂ ಹೌದು, ಪ್ರಸಿದ್ಧ ಪರ್ವತದ ಹೆಸರೂ ಹೌದು. ಪರ್ವತದ ಬುಡದ ಹೋಟೆಲಿನಲ್ಲಿ ಕೋಣೆ ಹಿಡಿದರೆ ಮೀನುದೀಪದ ಹಳ್ಳಿಗಳು ಬಹಳ ದೂರವಾಗುತ್ತವೆ.

ಈ ಪ್ರವಾಸದಲ್ಲಿ ಎಲ್ಲಕ್ಕಿಂತ ಕಷ್ಟವಾದದ್ದು ರೈಲು ಟಿಕೆಟ್. ಹೊಸ ವರ್ಷದ ಆಸುಪಾಸಿನ 40 ದಿನಗಳು ಚೀನಾದಲ್ಲಿ ಚುನ್‌ಯುನ್, ಅಂದರೆ ವಸಂತದ ಮಹಾಸಂಚಾರದ ಅವಧಿ. ದೀಪದ ಹಬ್ಬ ಆ ಅವಧಿಯೊಳಗೇ ಬರುತ್ತದೆ. ನಗರಗಳಲ್ಲಿ ದುಡಿಯುವ ಎಷ್ಟೋ ಮಂದಿ ಊರಿನಲ್ಲಿ ಈ ಹಬ್ಬ ಮುಗಿಸಿಕೊಂಡೇ ಕೆಲಸಕ್ಕೆ ಮರಳುವುದರಿಂದ, ಬರುವಾಗಿನ ಟಿಕೆಟ್‌ಗಿಂತ 16ನೆಯ ದಿನದ ಮೇಲಿನ ವಾಪಸ್ ಟಿಕೆಟ್ ಹೆಚ್ಚು ದುರ್ಲಭ. ರೈಲ್ವೆಯ ಅಧಿಕೃತ 12306 ತಾಣದಲ್ಲಿ ಪ್ರಯಾಣಕ್ಕೆ 15 ದಿನ ಮೊದಲು ಮಾರಾಟ ತೆರೆಯುತ್ತದೆ. ಪಾಸ್‌ಪೋರ್ಟ್ ಸಂಖ್ಯೆ ಕೊಟ್ಟು ಖಾತೆಯನ್ನು ಅದಕ್ಕೂ ಮೊದಲೇ ತೆರೆದು, ಪರಿಶೀಲನೆ ಮುಗಿಸಿಟ್ಟುಕೊಳ್ಳಿ. ಕಾಗದದ ಟಿಕೆಟ್ ಬೇಕಿಲ್ಲ, ಪಾಸ್‌ಪೋರ್ಟೇ ಟಿಕೆಟ್. ಆದರೆ ಸ್ವಯಂಚಾಲಿತ ಗೇಟ್‌ಗಳಲ್ಲಿ ವಿದೇಶಿ ಪಾಸ್‌ಪೋರ್ಟ್ ಓದದಿರುವುದುಂಟು. ಆಗ ಬದಿಯಲ್ಲಿ ಸಿಬ್ಬಂದಿ ನಿಂತಿರುವ ಸಾಲಿಗೆ ಹೋಗಬೇಕಾದ್ದರಿಂದ ಸ್ವಲ್ಪ ಮುಂಚೆಯೇ ನಿಲ್ದಾಣ ತಲುಪಿರಬೇಕು.

ಹಣದ ವಿಷಯದಲ್ಲಿ ಅಲಿಪೇ ಅಥವಾ ವಿಚಾಟ್ ಪೇ ಎಂಬ ಮೊಬೈಲ್ ಪಾವತಿ ಆ್ಯಪ್ ಇಲ್ಲದೆ ಹೊರಡಬೇಡಿ. ಎರಡಕ್ಕೂ ವಿದೇಶಿ ಕ್ರೆಡಿಟ್ ಕಾರ್ಡ್ ಜೋಡಿಸಬಹುದು. ಪಾಸ್‌ಪೋರ್ಟ್ ಪರಿಶೀಲನೆಯನ್ನು ಹೊರಡುವ ಮೊದಲೇ ಮುಗಿಸಬೇಕು. ಅಲಿಪೇಯಲ್ಲಿ 200 ಯುವಾನ್‌ವರೆಗಿನ ಪಾವತಿಗೆ ಹೆಚ್ಚುವರಿ ಶುಲ್ಕವಿಲ್ಲ, ಅದನ್ನು ಮೀರಿದರೆ ಶೇ. 3ರಷ್ಟು ಶುಲ್ಕ ಬೀಳುತ್ತದೆ. ಹಳ್ಳಿಯಲ್ಲಿ ಫೋನಿನ ಚಾರ್ಜ್ ಮುಗಿದರೆ ಗತಿಯೇನು ಎಂಬ ಯೋಚನೆಯಿಂದ ಚಿಲ್ಲರೆ ಯುವಾನ್ ನೋಟುಗಳನ್ನೂ ಇಟ್ಟುಕೊಳ್ಳಿ. ಪವರ್ ಬ್ಯಾಂಕ್ ಒಯ್ಯುವವರು ಗಮನಿಸಬೇಕಾದ ನಿಯಮವೊಂದಿದೆ: 2025ರ ಜೂನ್ 28ರಿಂದ ಚೀನಾದ ಒಳನಾಡಿನ ವಿಮಾನಗಳಲ್ಲಿ ಅಲ್ಲಿಯ ‘3ಸಿ’ ಎಂಬ ಸುರಕ್ಷತಾ ಪ್ರಮಾಣದ ಗುರುತಿಲ್ಲದ ಪವರ್ ಬ್ಯಾಂಕ್‌ಗಳಿಗೆ ಅವಕಾಶವಿಲ್ಲ. ಗೂಗಲ್ ನಕ್ಷೆ, ವಾಟ್ಸ್ಆ್ಯಪ್ ಸ್ಥಳೀಯ ಜಾಲದಲ್ಲಿ ಕೆಲಸ ಮಾಡುವುದಿಲ್ಲ. ಅಂತಾರಾಷ್ಟ್ರೀಯ ರೋಮಿಂಗ್ ಇದ್ದರೆ ಮಾಡುತ್ತವೆ. ದಾರಿಗೆ ಹೇಗಿದ್ದರೂ ಆ್ಯಮ್ಯಾಪ್ ಎಂಬ ಸ್ಥಳೀಯ ನಕ್ಷೆಯೇ ಹೆಚ್ಚು ನಂಬಿಕೆಗೆ ಅರ್ಹ.

ತಂಗುವುದು

ಹಳ್ಳಿಯಲ್ಲಿಯೇ ಉಳಿದರೆ ರಾತ್ರಿ ಮರಳುವ ಚಿಂತೆಯಿರುವುದಿಲ್ಲ, ಹಗಲಿನ ಸಿದ್ಧತೆಯನ್ನೂ ನೋಡಬಹುದು. ಆದರೆ ಈ ಮೀನುದೀಪಗಳ ವೀಡಿಯೊಗಳು ಚೀನಾದಲ್ಲಿ ಹರಡಿದ ಮೇಲೆ ಕೋಣೆಗಳಿಗೆ ಬೇಡಿಕೆ ಏರಿದೆ. ಚೀನೀ ಪ್ರವಾಸಿಗರೇ ಅವನ್ನು ಬಹಳ ಮೊದಲು ಹಿಡಿದಿರುತ್ತಾರೆ. ಕೋಣೆ ಸಿಕ್ಕಿತೆಂದಿಟ್ಟುಕೊಳ್ಳಿ. ಆಗ ಕೇಳಬೇಕಾದ ಮೊದಲ ಪ್ರಶ್ನೆ, ವಿದೇಶಿಯರ ಹೆಸರನ್ನು ಪೊಲೀಸ್ ವ್ಯವಸ್ಥೆಯಲ್ಲಿ ನೋಂದಾಯಿಸುವ ಕ್ರಮ ಅವರಿಗೆ ಗೊತ್ತಿದೆಯೇ ಎಂಬುದು. ಹೋಟೆಲುಗಳು ಈ ನೋಂದಣಿಯನ್ನು ತಾವೇ ಮಾಡುತ್ತವೆ. ಯಾರದಾದರೂ ಮನೆಯಲ್ಲಿ ಉಳಿದರೆ 24 ಗಂಟೆಗಳೊಳಗೆ ಸ್ಥಳೀಯ ಪೊಲೀಸ್ ಠಾಣೆಯಲ್ಲಿ ನೋಂದಾಯಿಸಿಕೊಳ್ಳುವುದು ಕಾನೂನು ಪ್ರಕಾರ ಕಡ್ಡಾಯ. ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಹಳ್ಳಿಯಲ್ಲಿ ಸಿಗದವರು ಶೆಶಿಯಾನ್ ಪಟ್ಟಣದಲ್ಲಿ, ಅಲ್ಲಿಯೂ ಆಗದಿದ್ದರೆ ಹುವಾಂಗ್‌ಶಾನ್ ನಗರದ ಕೇಂದ್ರವಾದ ತುನ್‌ಶಿಯಲ್ಲಿ ಉಳಿಯಬಹುದು. ಹಾಗೆ ಮಾಡುವವರು ಹೋಗಿ ಬರಲು ಒಂದೇ ಕಾರನ್ನು ಹಗಲಿನಲ್ಲಿಯೇ ಮಾತನಾಡಿಕೊಂಡು, ಚಾಲಕರು ಎಲ್ಲಿ ಕಾಯುತ್ತಾರೆಂಬುದನ್ನು ನಕ್ಷೆಯಲ್ಲಿ ಗುರುತು ಹಾಕಿಸಿಕೊಳ್ಳಬೇಕು. ಮೆರವಣಿಗೆ ಮುಗಿದ ಮೇಲೆ ಬೆಟ್ಟದ ಹಳ್ಳಿಯಲ್ಲಿ ನಿಂತು ಆ್ಯಪ್‌ನಲ್ಲಿ ಟ್ಯಾಕ್ಸಿ ಕರೆಯುವ ಯೋಜನೆ ಯೋಜನೆಯೇ ಅಲ್ಲ. ಜನ ಹೆಚ್ಚಾದ ರಾತ್ರಿಗಳಲ್ಲಿ ವಾಹನಗಳನ್ನು ಊರ ಹೊರಗೇ ತಡೆಯಬಹುದು. ಕತ್ತಲಲ್ಲಿ ಸ್ವಲ್ಪ ದೂರ ನಡೆಯಲು ಸಿದ್ಧವಾಗಿರಿ.

ಚಳಿಯ ಬಗ್ಗೆ ಒಂದು ಮಾತು. ಇಲ್ಲಿಯ ಫೆಬ್ರುವರಿಯ ಉಷ್ಣಾಂಶ ಸೊನ್ನೆಗಿಂತ ತೀರಾ ಕೆಳಗಿಳಿಯುವುದಿಲ್ಲವಾದರೂ, ಉತ್ತರ ಚೀನಾದಲ್ಲಿರುವಂತೆ ಕಟ್ಟಡಗಳಿಗೆ ಸಾರ್ವಜನಿಕ ಬಿಸಿ ವ್ಯವಸ್ಥೆ ಇಲ್ಲ. ತೇವದ ಚಳಿ ಮನೆಯೊಳಗೂ ಬಿಡುವುದಿಲ್ಲ. ನೀರು ಒಳಗಿಳಿಯದ ಬೂಟು ಮತ್ತು ಒಳಗೆ ಧರಿಸುವ ಉಣ್ಣೆಯ ಬಟ್ಟೆ ಬೇಕು. ಹೊರಗಿನ ಕೋಟು ಸಿಂಥೆಟಿಕ್ ಆಗಿದ್ದರೆ ಪಟಾಕಿಯ ಕಿಡಿ ಅದನ್ನು ಸುಲಭವಾಗಿ ತೂತು ಮಾಡುತ್ತದೆ, ಹತ್ತಿಯದ್ದಾದರೆ ಉತ್ತಮ.

ಮೀನಿನ ಜೊತೆಗೆ

ಮಧ್ಯಾಹ್ನವೇ ಹಳ್ಳಿ ತಲುಪಿ, ಕತ್ತಲಾಗುವ ಮೊದಲು ಓಣಿಗಳನ್ನೆಲ್ಲ ಒಮ್ಮೆ ನಡೆದು ನೋಡಿ. ಎಲ್ಲಿ ಓಣಿ ಕಿರಿದಾಗುತ್ತದೆ, ಎಲ್ಲಿ ತಿರುವಿದೆ, ಎಲ್ಲಿ ಬದಿಗೆ ಸರಿಯಲು ಜಾಗವಿದೆ ಎಂಬುದು ಹಗಲಿನಲ್ಲಿಯೇ ತಿಳಿದಿರಬೇಕು. ಈ ಹೊತ್ತಿನಲ್ಲಿ ಮೀನನ್ನು ಹತ್ತಿರದಿಂದ ನೋಡಲು ಅವಕಾಶ ಸಿಕ್ಕರೆ ಅವಸರ ಮಾಡಬೇಡಿ. ಸೀಳಿದ ಬಿದಿರ ದಬ್ಬೆಗಳನ್ನು ಬಾಗಿಸಿ ಬಳೆಗಳನ್ನಾಗಿ ಕಟ್ಟಿ, ಅವುಗಳನ್ನು ಉದ್ದನೆಯ ದಬ್ಬೆಗಳಿಂದ ಜೋಡಿಸಿದ್ದೇ ಅದರ ಎಲುಬುಗೂಡು. ಅದರ ಮೇಲೆ ಬಿಳಿಯ ಕಾಗದ ಅಂಟಿಸಿ, ಒಣಗಿದ ಬಳಿಕ ಒಂದೊಂದೇ ಹುರುಪೆಯನ್ನು ಕುಂಚದಿಂದ ಬರೆಯುತ್ತಾರೆ. ಹಣೆಯ ಮೇಲೆ ‘ಅರಸ’ ಎಂಬರ್ಥದ ಚೀನೀ ಅಕ್ಷರ ಇರುತ್ತದೆ. ದೊಡ್ಡ ಮೀನು ಆರೇಳು ಮೀಟರ್ ಉದ್ದವಿದ್ದು, ಕೆಳಗಿನ ಕೋಲುಗಳನ್ನು ಹಿಡಿದು ಹೊರಲು ಹಲವರು ಬೇಕು. ಹಗಲಿನಲ್ಲಿ ಅದೊಂದು ಬಣ್ಣದ ಕಾಗದದ ಗುಡಾಣದಂತೆ ಕಾಣುತ್ತದೆ, ಅಷ್ಟೆ. ಒಳಗಿನ ಬತ್ತಿಗಳನ್ನು ಹೊತ್ತಿಸಿದಾಗ ಬಣ್ಣಗಳು ಹಿಂದೆ ಸರಿದು, ಹುರುಪೆಗಳ ಅಡಿಯಿಂದ ಬಿದಿರಿನ ಬಳೆಗಳು ನಿಜವಾದ ಮೀನಿನ ಮುಳ್ಳುಗಳಂತೆ ನೆರಳಾಗಿ ಮೂಡುತ್ತವೆ.

ಹೊತ್ತವರು ಸುಮ್ಮನೆ ನಡೆಯುವುದಿಲ್ಲ. ತಲೆಯ ಕಡೆಯವರು ಎಡಕ್ಕೆ ಎಳೆದಾಗ ಬಾಲದವರು ಬಲಕ್ಕೆ ಬೀಸುತ್ತಾರೆ. ಜಾಗಟೆ, ಡೋಲುಗಳ ಗತಿ ಏರಿದಂತೆ ಮೀನು ಈಜುತ್ತದೆ. ಮಕ್ಕಳು ಚಿಕ್ಕ ಮೀನುಗಳನ್ನು ಹಿಡಿದು ಮುಂದೆ ಹಿಂದೆ ಓಡಾಡುತ್ತಾರೆ. ಮನೆಗಳವರು ಮೀನು ಬಾಗಿಲಿಗೆ ಬಂದಾಗ ಪಟಾಕಿ ಸರ ಹಚ್ಚಿ ಬರಮಾಡಿಕೊಳ್ಳುತ್ತಾರೆ. ಈ ಬಾಗಿಲುಗಳೇ ಮೆರವಣಿಗೆಯ ನಿಜವಾದ ನಿಲ್ದಾಣಗಳು. ಆದ್ದರಿಂದ ಬಯಲಿನಲ್ಲಿ ಎತ್ತರದ ಜಾಗ ಹಿಡಿದು ನಿಲ್ಲುವುದಕ್ಕಿಂತ, ಯಾವುದಾದರೂ ಮನೆಯ ಎದುರಿನ ಗೋಡೆಗೆ ಒರಗಿ ನಿಂತು, ಮನೆಯವರು ಹೊರಬಂದು ಮೀನನ್ನು ಎದುರುಗೊಳ್ಳುವ ಗಳಿಗೆಯನ್ನು ನೋಡುವುದು ಹೆಚ್ಚು ಸಾರ್ಥಕ. ಆದರೆ ಮನೆಯ ಬಾಗಿಲಿಗೂ ಮೀನಿಗೂ ನಡುವೆ ಮಾತ್ರ ನಿಲ್ಲಬಾರದು. ಅದು ಅವರ ಮನೆಯ ಶುಭಕಾರ್ಯ, ಪ್ರವಾಸಿಗೆಂದು ಮಾಡಿದ ಪ್ರದರ್ಶನವಲ್ಲ.

ಓಣಿ ಕಿರಿದಾದಲ್ಲಿ ಮೀನಿನ ಮುಂದೆ ಹಿಂದಕ್ಕೆ ನಡೆಯುತ್ತ ಚಿತ್ರ ತೆಗೆಯುವ ಚಾಳಿ ಈಗ ಹೆಚ್ಚಾಗಿದೆ. ಹೊತ್ತವರಿಗೆ ಕಾಲ ಕೆಳಗಿನ ದಾರಿ ಕಾಣದಿರುವುದರಿಂದ ಅದು ಅಪಾಯಕಾರಿ. ಫ್ಲ್ಯಾಶ್ ಆರಿಸಿಡಿ, ಅದರ ಬೆಳಕಿನಲ್ಲಿ ಒಳಗಿನ ಬತ್ತಿಯ ಬೆಳಕು ಸತ್ತುಹೋಗುತ್ತದೆ. ಫೋನಿನಲ್ಲಿ ಮೀನಿನ ಹೊಟ್ಟೆಯ ಮೇಲೆ ಬೆರಳೊತ್ತಿ ಹೊಳಪನ್ನು ಸ್ವಲ್ಪ ತಗ್ಗಿಸಿದರೆ ಹುರುಪೆಗಳು ಉಳಿಯುತ್ತವೆ, ಇಲ್ಲವಾದರೆ ಇಡೀ ಮೀನು ಬಿಳಿಯ ಮುದ್ದೆಯಾಗುತ್ತದೆ. ಪಟಾಕಿಯ ಹೊಗೆ ದಟ್ಟವಾಗಿರುವುದರಿಂದ ಉಬ್ಬಸವಿರುವವರು ಮಾಸ್ಕ್ ಧರಿಸಬೇಕು. ಚಿಕ್ಕ ಮಕ್ಕಳಿಗೆ ಕಿವಿಗೆ ಹತ್ತಿ ಬೇಕು. ಕಾಗದದ ಮೀನನ್ನು ಮುಟ್ಟುವ ಮೊದಲು ಕೇಳಿ. ಪೂರ್ವಿಕರ ಮಂದಿರದ ಬಾಗಿಲು ತೆರೆದಿದ್ದರೂ ಒಳಗೆ ಹೋಗುವ ಮುನ್ನ ಕೇಳಬೇಕು, ಒಳಹೋಗುವಾಗ ಎತ್ತರದ ಹೊಸ್ತಿಲನ್ನು ತುಳಿಯದೆ ದಾಟಬೇಕು. ಆಕಾಶಕ್ಕೆ ಹಾರಿಬಿಡುವ ಕಾಗದದ ದೀಪಗಳನ್ನು ಕೊಂಡೊಯ್ಯುವ ಆಸೆ ಬೇಡ. ಬೆಂಕಿಯ ಭಯದಿಂದ ಚೀನಾದ ಬಹಳಷ್ಟು ಕಡೆ ಅವು ನಿಷಿದ್ಧ.

ಊಟದ ವಿಷಯ ಸಸ್ಯಾಹಾರಿಗಳಿಗೆ ತುಸು ಕಷ್ಟ. ಹಬ್ಬದ ತಿನಿಸಾದ ಅಕ್ಕಿಹಿಟ್ಟಿನ ಉಂಡೆಗಳನ್ನು ಉತ್ತರದಲ್ಲಿ ಹೂರಣವನ್ನು ಹಿಟ್ಟಿನಲ್ಲಿ ಉರುಳಿಸಿ, ದಕ್ಷಿಣದಲ್ಲಿ ಹಿಟ್ಟಿನ ಕಣಕದೊಳಗೆ ಹೂರಣ ತುಂಬಿ ಮಾಡುತ್ತಾರೆ. ಕರಿಎಳ್ಳು, ಸಕ್ಕರೆಯ ಆ ಹೂರಣಕ್ಕೆ ಸಾಂಪ್ರದಾಯಿಕವಾಗಿ ಹಂದಿಯ ಕೊಬ್ಬನ್ನು ಬೆರೆಸುವ ರೂಢಿಯಿದೆ ಎಂಬುದು ನೋಡಿದರೆ ತಿಳಿಯುವಂಥದ್ದಲ್ಲ. ‘ವೋ ಚಿ ಸು’ ಎಂದರೆ ‘ನಾನು ಸಸ್ಯಾಹಾರಿ’ ಎಂದರ್ಥ. ಅದನ್ನು ಬಾಯಲ್ಲಿ ಹೇಳಿದರೆ ಸಾಲದು. ಹಂದಿ ಕೊಬ್ಬು, ಮಾಂಸದ ಸಾರು ಬೇಡವೆಂದು ಚೀನೀ ಲಿಪಿಯಲ್ಲಿ ಬರೆಸಿದ ಚೀಟಿಯನ್ನೂ ತೋರಿಸಬೇಕು.

ಹಗಲುಗಳು ಖಾಲಿಯಿದ್ದರೆ ಶೆಶಿಯಾನ್ ಪಟ್ಟಣದ ಹಳೆಯ ಕೋಟೆಯೊಳಗೆ 1584ರಲ್ಲಿ ಕಟ್ಟಿದ ಎಂಟು ಕಾಲಿನ ಶು ಗುವೊ ಕಲ್ಲಿನ ತೋರಣ, ಊರ ಹೊರಗೆ ಸಾಲಾಗಿ ನಿಂತ ತಾಂಗ್‌ಯುಯೆಯ ಏಳು ತೋರಣಗಳು ಇವೆ. 2000ದಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಶಿಡಿ ಮತ್ತು ಹೊಂಗ್‌ಚುನ್ ಹಳ್ಳಿಗಳಿಗೆ ಬೇರೆಯೇ ಒಂದು ದಿನ ಬೇಕು. ಮೆರವಣಿಗೆಯ ದಿನವೇ ಅಲ್ಲಿಗೆ ಹೋಗಿ ಸಂಜೆಗೆ ವಾಂಗ್‌ಮಾನ್‌ತಿಯೆನ್ ತಲುಪುವ ಸಾಹಸ ಬೇಡ.

ಮರಳುವಾಗ ಚಿಕ್ಕ ಮೀನುದೀಪವೊಂದನ್ನು ಕೊಳ್ಳುವ ಮನಸ್ಸಾಗುವುದು ಸಹಜ. ಶೆಶಿಯಾನ್ ಕೋಟೆಯೊಳಗಿನ ಅಂಗಡಿಗಳಲ್ಲಿ ಅವು ಸಿಗುತ್ತವೆ. ಕಟ್ಟಿ ಮುಗಿಸಿದ ಮೀನು ಚೆಕ್-ಇನ್ ಸಾಮಾನಿನಲ್ಲಿ ಉಳಿಯುವುದಿಲ್ಲ. ಬಿಡಿ ದಬ್ಬೆ, ಕಾಗದ ಮತ್ತು ಬಣ್ಣ ಬರೆದ ಹಾಳೆಗಳಿರುವ, ಮನೆಯಲ್ಲಿ ಜೋಡಿಸಿಕೊಳ್ಳುವ ಕಟ್ಟು ಸಿಕ್ಕರೆ ಅದನ್ನೇ ಕೊಂಡು ಕೈಚೀಲದಲ್ಲಿ ಚಪ್ಪಟೆಯಾಗಿಡಿ. ಅದರೊಂದಿಗೆ ಬರುವ ಪುಟ್ಟ ವಿದ್ಯುದ್ದೀಪದ ಬ್ಯಾಟರಿಯನ್ನು ಬಿಚ್ಚಿ ಬೇರೆಯಾಗಿ ಇಟ್ಟರೆ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಚೀಲ ಬಿಚ್ಚಿಸುವ ತೊಂದರೆ ಕಡಿಮೆಯಾಗುತ್ತದೆ.